ನಿಮ್ಮ ನಕ್ಷೆಯಲ್ಲಿಲ್ಲದ ಬಾವಿ

ಮಕ್ಕಳೇ, ಆ ಮಧ್ಯಾಹ್ನ ಆಟದ ನಡುವೆಯೇ ನಾನು ಎದ್ದು ಅಡುಗೆಮನೆಗೆ ಹೋದೆ. ನಿಮ್ಮ ಅಜ್ಜಿಗೆ, ಈ ಆಯಿಗೆ, ಆಟ ತಿಳಿಯಲಿಲ್ಲ ಎಂದುಕೊಂಡಿರಿ. ಆಟ ತಿಳಿದಿತ್ತು. ನೀವು ಕೇಳಿದ ಪ್ರಶ್ನೆಗೆ ಉತ್ತರವೂ ಇತ್ತು, ಬಾಯಿಗೆ ಬರಲಿಲ್ಲ. ಎದುರಿಗೆ ಕುಳಿತು ಹೇಳುವುದು ನನಗೆ ಮೊದಲಿನಿಂದಲೂ ಆಗದು. ಊರ ಸಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿ ಉಳಿದಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಆ ಬೇಸಿಗೆ ಬೀದರಿನ ನಮ್ಮ ಓಣಿಗೂ ಟ್ಯಾಂಕರ್ ಬರುತ್ತಿತ್ತು. ಅಕ್ಕ ತಮ್ಮ ಇಬ್ಬರಿಗೂ ರಜೆ, ಹೊರಗೆ ಕಾಲಿಡಲಾಗದ ಬಿಸಿಲು. ನೀವು ಪಡಸಾಲೆಯಲ್ಲಿ ದೊಡ್ಡ ಹಾಳೆ ಹಾಸಿಕೊಂಡು ಲೋಕ ಮುಗಿದ ಮೇಲಿನ ಲೋಕವೊಂದನ್ನು ಕಟ್ಟುತ್ತಿದ್ದಿರಿ. ಕಾಲೇಜು ಶುರುವಾದ ಮೇಲೆ ಗೆಳೆಯರೊಡನೆ ಆಡಲು. ಅಕ್ಕ ಕಥೆ ನಡೆಸುತ್ತಾಳೆ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ, ಏನಾದರೂ ಮಾಡಹೊರಟರೆ ದಾಳ ಉರುಳಿಸಬೇಕು, ಅದು ಬಿದ್ದಂತೆ ಕಥೆ ತಿರುಗುತ್ತದೆ. ಆಟಕ್ಕೆ ಮೊದಲು ಲೋಕ ತಯಾರಾಗಬೇಕು ಎಂದಿರಿ. ನೀರು ಎಲ್ಲಿದೆ, ಯಾರ ಕೈಯಲ್ಲಿದೆ, ಜನ ಏನು ತಿನ್ನುತ್ತಾರೆ, ಯಾತಕ್ಕೆ ಹೆದರುತ್ತಾರೆ, ಎಲ್ಲ.

"ಮಂಜ್ರಾ ಹೊಳಿ ಪೂರಾ ಬತ್ತಿ ಹೋಗ್ಯದ," ಎನ್ನುತ್ತ ಅಕ್ಕ ನೀಲಿ ಗೆರೆಯ ಮೇಲೆ ಕಂದು ಬಣ್ಣ ತಿಕ್ಕಿದಳು.

"ಕ್ವಾಟಿ ಒಳಗ ಗೂಂಡಾಗಳು," ಎಂದ ತಮ್ಮ, ಕೋಟೆಯ ಚಿತ್ರಕ್ಕೆ ಬೆರಳಿಟ್ಟು. "ಸುರಂಗ ಬಾವಿ ಅವರ ಕೈಯಾಗ."

"ಭಾಲ್ಕಿ ಸ್ಟೇಷನ್ ಬಾಜಾರ. ರೈಲು ಡಬ್ಬಿ ಒಳಗ ಅಂಗಡಿ."

"ಔರಾದ?"

"ಔರಾದ ಕಡಿ ಬರೇ ಬಯಲು. ಏನೂ ಇಲ್ಲ. ಅಲ್ಲಿ ದೆವ್ವ ಇಡೂಣು."

ನನಗೆ ನಗು ಬಂತು. ನಮ್ಮ ಊರು ಔರಾದ ಕಡೆಯದು.

"ಆಯಿ ನಗ್ಲತ್ತಾಳ! ನಿಮ್ಮ ಊರಾಗ ದೆವ್ವ ಇದ್ದವೇನ ಆಯಿ?"

"ಇದ್ದವಪ್ಪ. ನಮ್ಮ ಅತ್ತಿ ಮಾರಿ ನೋಡಿ ಓಡಿ ಹೋದವು," ಎಂದೆ.

ಹಾಳೆಯ ಎಲ್ಲಕ್ಕಿಂತ ಮೇಲೆ ನೀವು ದೊಡ್ಡ ಅಕ್ಷರದಲ್ಲಿ ಒಂದು ನಿಯಮ ಬರೆದಿದ್ದಿರಿ: ಈ ಲೋಕದಲ್ಲಿ ಜಾತಿ ಇಲ್ಲ. ಅದನ್ನು ನಾನು ಎರಡು ಸಲ ಓದಿದೆ. ತಮ್ಮ ನನ್ನ ಮುಖ ನೋಡಿ, "ಸಾಯೋ ಟೈಮಿನಾಗ ಯಾರು ಜಾತಿ ನೋಡ್ತಾರ ಆಯಿ?" ಎಂದ.

ಆಮೇಲೆ ಅಕ್ಕ ನನ್ನ ಅಂಗೈಯಲ್ಲಿ ದಾಳ ಇಟ್ಟಳು. "ನೀ ಬಾವಿ ಕಾಯೋಕಿ ಆಗು ಆಯಿ. ಬಾವಿ ಒಳಗ ಒಂದೇ ಬಕೀಟ ನೀರು ಉಳದದ. ಒಬ್ಬಾಕಿ ಬಂದು ಕೇಳ್ತಾಳ. ಹಾಕ್ತೀಯೋ, ಓಡಸ್ತೀಯೋ?"

ಆಗ ನಾನು ಎದ್ದದ್ದು.

ನಮ್ಮ ಮದುವೆಯಾದ ಮೇಲಿನ ಮಾತು. ಮಳೆ ಕೈಕೊಟ್ಟು, ಮರುವರ್ಷವೂ ಕೈಕೊಟ್ಟಿತ್ತು. ನಿಮ್ಮ ಅಜ್ಜ ಹೈದರಾಬಾದಿನ ಆಚೆ ಕಲ್ಲು ಒಡೆಯುವ ಕೆಲಸಕ್ಕೆ ಹೋಗಿ, ಭಾಲ್ಕಿ ಸ್ಟೇಷನ್ನಿಗೆ ಬಂದು ರೈಲು ಹಿಡಿಯಿರಿ ಎಂದು ಹೇಳಿ ಕಳಿಸಿದ್ದರು. ಊರ ಹೊರಗಿನ ನಮ್ಮ ಓಣಿಯವರೆಲ್ಲ ಹೊರಟುಹೋದರು. ನಾನೂ ನನ್ನ ಅತ್ತೆಯೂ, ಅಂದರೆ ನಿಮ್ಮ ಅಜ್ಜನ ತಾಯಿಯೂ, ಉಳಿದೆವು. ನನ್ನ ಮೊದಲ ಮಗು, ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದ ಹೆಣ್ಣುಮಗು, ವಾಂತಿ-ಭೇದಿಗೆ ಬಿದ್ದಿತ್ತು. ಕಡಿಮೆಯಾಗಲಿ ಎಂದು ಕಾದೆವು. ಕಡಿಮೆಯಾಗಲಿಲ್ಲ, ಓಣಿಯ ನೀರು ಮುಗಿಯಿತು. ಅತ್ತೆ ಒಂದು ಬೆಳಗ್ಗೆ ಮಗುವನ್ನು ನನ್ನ ಹೆಗಲಿಗೆ ಕಟ್ಟಿ, "ನಡೀ, ಇಲ್ಲೇ ಕುಂತು ಯಾಕ ಸಾಯೋದು? ಭಾಲ್ಕಿನಾಗ ದವಾಖಾನಿ ಅದ," ಎಂದರು. ಬಸ್ಸಿಗೆ ಕೈಯಲ್ಲಿ ಏನೂ ಇರಲಿಲ್ಲ. ಹೊಲದ ದಾರಿ ಹಿಡಿದು ನಡೆದೆವು.

ನಿಮ್ಮ ನಕ್ಷೆಯಲ್ಲಿ ಮುರಿದ ಗೋಡೆ, ಬೆಂಕಿ, ತಲೆಬುರುಡೆ ಬಿಡಿಸಿದ್ದಿರಿ. ನಾನು ನಡೆದ ಲೋಕದಲ್ಲಿ ಏನೂ ಮುರಿದಿರಲಿಲ್ಲ. ಎರೆ ಹೊಲ ಕಾಲು ಹೋಗುವಷ್ಟು ಬಿರಿದಿತ್ತು, ಅಷ್ಟೇ. ಜಾಲಿಮರ ಅಲ್ಲೇ ಇತ್ತು, ಹೊಲದ ಬದುವು ಅಲ್ಲೇ ಇತ್ತು. ನಿನ್ನೆ ಮೊನ್ನೆ ತನಕ ಜನ ಇದ್ದಂತೆಯೇ ಎಲ್ಲ ಇತ್ತು. ನಿಮಗೆ ಭಯಂಕರವಾದ ಊರು ಬೇಕಿದ್ದರೆ ಹೀಗೆಯೇ ಬರೆಯಿರಿ.

ದಾರಿಯಲ್ಲಿ ಮಗು ಅಳುವುದನ್ನು ನಿಲ್ಲಿಸಿತು. ಅದಕ್ಕೂ ಮೊದಲು ಅತ್ತಾಗ ಕಣ್ಣೀರು ಬರುತ್ತಿರಲಿಲ್ಲ. ನೆತ್ತಿ ತಗ್ಗಾಗಿತ್ತು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಹಾಗೆಯೇ ನಿಲ್ಲುತ್ತಿತ್ತು. ನಾವು ಕೈಯಲ್ಲಿ ಹಿಡಿದು ತಂದಿದ್ದ ಚರಿಗೆಯ ನೀರು ಮುಗಿದು ಹೋಗಿತ್ತು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಒಂದು ಊರು ಸಿಕ್ಕಿತು. ಊರ ಮುಂದೆಯೇ ಬಾವಿ. ಗಡಗಡಿಯ ರಾಟೆಗೆ ಹಗ್ಗ ಹಾಕಿತ್ತು, ಕಟ್ಟೆಯ ಮೇಲೆ ಬಕೀಟು ಇತ್ತು. ಯಾರೂ ಇರಲಿಲ್ಲ.

ಈಗ ಹೇಳುವುದನ್ನು ಗಮನವಿಟ್ಟು ಓದಿ. ನಾವು ಬಾವಿಯ ಹತ್ತಿರ ಹೋಗಲಿಲ್ಲ. ನಮ್ಮ ಓಣಿಯವರು ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಕೊಡವನ್ನು ನೆಲದಲ್ಲಿಟ್ಟು, ದೂರ ಸರಿದು ನಿಂತು ಕೂಗಬೇಕು. ಊರೊಳಗಿನವರು ಬಂದು ಸೇದಿ, ನಮ್ಮ ಕೊಡಕ್ಕೆ ತಗಲದಂತೆ ಎತ್ತರದಿಂದ ಹಾಕಬೇಕು. ಮನಸ್ಸಿದ್ದಾಗ ಹಾಕುತ್ತಿದ್ದರು. ಅತ್ತೆ ಚರಿಗೆಯನ್ನು ನೆಲದಲ್ಲಿಟ್ಟರು. ನಾವು ಬೇವಿನ ಮರದ ನೆರಳಿಗೆ ಸರಿದು ಕುಳಿತೆವು.

"ಅವ್ವಾ, ನೀರು ಹಾಕ್ರಿ ಅವ್ವಾ," ಎಂದು ಅತ್ತೆ ಊರ ಕಡೆ ಕೂಗಿದರು. "ಕೂಸಿಗಿ ಆರಾಮಿಲ್ಲರಿ. ಯಾರರೆ ಬರ್ರಿ ಯವ್ವಾ."

ಯಾರೂ ಬರಲಿಲ್ಲ. ಊಟದ ಹೊತ್ತು, ಉಂಡು ಬರುತ್ತಾರೆ ಎಂದುಕೊಂಡೆವು. ಮತ್ತೆ ಕೂಗಿದೆವು. ಬೇವಿನ ನೆರಳು ನಮ್ಮನ್ನು ಬಿಟ್ಟು ಆಚೆ ಸರಿಯಿತು, ನಾವೂ ಅದರ ಜೊತೆ ಸರಿದೆವು. ಮಗುವಿನ ನಾಲಿಗೆ ಮೇಲ್ದವಡೆಗೆ ಅಂಟುತ್ತಿತ್ತು. ನಾನು ಬೆರಳಿನಿಂದ ಬಿಡಿಸುತ್ತಿದ್ದೆ. ನನ್ನ ಬಾಯಲ್ಲಿ ಎಂಜಲು ಕೂಡ ಇರಲಿಲ್ಲ. ಇಷ್ಟೆಲ್ಲ ಆಗುವಾಗ ನಮ್ಮಿಂದ ಹತ್ತು ಹೆಜ್ಜೆಗೆ ಹಗ್ಗ ಇಳಿಬಿದ್ದಿತ್ತು. ಎದ್ದು ಸೇದೋಣ ಎಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಕಾಯುವುದು ಅಷ್ಟು ರೂಢಿಯಾಗಿತ್ತು.

ಅತ್ತೆ ಒಮ್ಮೆಲೇ ತಲೆ ಎತ್ತಿ ಊರಿನ ಮಾಳಿಗೆಗಳನ್ನು ನೋಡಿದರು. "ಏ ಹುಡುಗಿ, ಇಷ್ಟು ಒದರಿದೇವಿ, ಒಂದ ನಾಯಿ ಬೊಗಳಿತೇನ?"

ಬೊಗಳಿರಲಿಲ್ಲ. ಒಲೆಯ ಹೊಗೆ ಎಲ್ಲಿಯೂ ಇರಲಿಲ್ಲ. ಆಗ ನನ್ನ ಕಣ್ಣಿಗೂ ಬಿತ್ತು, ಬಾಗಿಲು ಬಾಗಿಲಿಗೂ ಮುಳ್ಳಿನ ಕಂಟಿ ಅಡ್ಡ ಹಾಕಿತ್ತು. ಮನೆ ಬಿಟ್ಟು ದೂರ ಹೋಗುವವರು ದನ ನುಗ್ಗದಿರಲೆಂದು ಹಾಗೆ ಹಾಕುತ್ತಾರೆ. ಊರಿಗೆ ಊರೇ ಗುಳೆ ಹೋಗಿತ್ತು. ಹೊರಟುಹೋದವರ ಅಪ್ಪಣೆಗೆ ಕಾದು ನಾವು ಅಲ್ಲಿ ಕುಳಿತಿದ್ದೆವು.

"ಯಾರಿಗಿ ಕಾಯ್ಲತ್ತೇವಿ ನಾವು?" ಎಂದು ಅತ್ತೆ ಎದ್ದರು. ಹಗ್ಗದ ಹತ್ತಿರ ಹೋಗಿ ನಿಂತು ಒಮ್ಮೆ ಹಿಂದೆ ನೋಡಿದರು. ಬೆಳಗಿನಿಂದ ಸಂಜೆ ತನಕ ಜೋಳ ಕೊಯ್ಯುತ್ತಿದ್ದ ಆ ಕೈಯನ್ನು ಸೀರೆಗೆ ಒರೆಸಿಕೊಂಡರು. ಹಗ್ಗ ಹಿಡಿದರು.

ಮೊದಲ ಬಕೀಟಿನಲ್ಲಿ ಕೆಸರು ಬಂತು. ಎರಡನೆಯದಕ್ಕೆ ಬಕೀಟು ಕಲ್ಲಿಗೆ ಕರಕರ ತಿಕ್ಕಿ, ಅರ್ಧದಷ್ಟು ಕಲಕು ನೀರು ಬಂತು. ಮತ್ತೆ ಬಿಟ್ಟರೆ ಬರಿಯ ಕಲ್ಲಿನ ಸದ್ದು. ಸೀರೆಯ ಸೆರಗಿನಲ್ಲಿ ಸೋಸಿ ಮಗುವಿನ ತುಟಿಗೆ ಹಚ್ಚಿದೆ. ಅದು ನುಂಗಿತು. ಆಸೆಯಿಂದ ನಾನು ಜಾಸ್ತಿ ಹಾಕಿದೆ. ಎಲ್ಲ ಕಕ್ಕಿತು.

"ಹಗ್ಗ ಮುಟ್ಟೀರೇನ?"

ತಿರುಗಿ ನೋಡಿದರೆ ಊರ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಅತ್ತೆಗಿಂತ ಚಿಕ್ಕವಳು. ಕಂಕುಳಲ್ಲಿ ತಾಮ್ರದ ಕೊಡ, ಬಲಗೈಗೆ ಸುತ್ತಿದ್ದ ಬಟ್ಟೆಯ ಆಚೆಗೂ ಬಾವು ಕಾಣುತ್ತಿತ್ತು.

"ಮುಟ್ಟೀವಿ," ಎಂದರು ಅತ್ತೆ. "ಪೊಲೀಸರಿಗಿ ಕರೀರಿ. ಅವರಿಗೂ ನೀರಡಿಕಿ ಆಗಿರಬೇಕು."

ಅವಳು ಜಗಳಕ್ಕೆ ಬರಲಿಲ್ಲ. ನೆಲಕ್ಕೆ ಕುಕ್ಕರಿಸಿದಳು. ಗಂಡ ಎತ್ತು ಹೊಡೆದುಕೊಂಡು ಮೇವು ಸಿಗುವ ಕಡೆಗೆ ಹೋಗಿದ್ದಾನಂತೆ, ತಿರುಗಿ ಬಂದು ಕರೆದೊಯ್ಯುತ್ತಾನಂತೆ. ಕೈ ಬಾತು ನಿನ್ನೆಯಿಂದ ಸೇದಲಾಗಿಲ್ಲ. ನಾವು ಕೂಗಿದ್ದು ಕೇಳಿಸಿತ್ತು, ಎದ್ದು ಬರಲು ಶಕ್ತಿ ಇರಲಿಲ್ಲ ಎಂದಳು. ಆಮೇಲೆ ಅವಳು ಮಾಡಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. ತನ್ನ ಕೊಡವನ್ನು ತಂದು ನಮ್ಮ ಮುಂದೆ ನೆಲದಲ್ಲಿಟ್ಟಳು. ಇಟ್ಟು, ದೂರ ಸರಿದು ನಿಂತಳು.

ನಮ್ಮಲ್ಲಿ ಇದ್ದದ್ದು ಬಕೀಟಿನಲ್ಲಿ ಉಳಿದಿದ್ದ ನೀರಷ್ಟೇ. ಅತ್ತೆ ನನ್ನ ಕಡೆ ನೋಡಿದರು.

"ಬ್ಯಾಡ್ರಿ ಅತ್ತಿ," ಎಂದೆ. "ಹಾಕಬ್ಯಾಡ್ರಿ. ನನ್ನ ಕೂಸು ಸಾಯ್ತದ." ಅತ್ತೆಗೆ ನಾನು ಎದುರಾಡಿದ್ದು ಅದೇ ಮೊದಲು.

"ಒರತಿ ಅದ," ಎಂದಳು ಆ ಹೆಂಗಸು. "ಬಾವಿ ಸತ್ತಿಲ್ಲ. ಸಂಜಿತನಾ ಬಿಟ್ಟರ ಕೊಡದಷ್ಟು ಏರ್ತದ. ಕೂಸಿಗಿ ಹಂಗ ಕುಡಸಬ್ಯಾಡ, ಕಕ್ತದ. ಬೆರಳಿಂದ ಹನಿ ಹನಿ ಹಾಕು, ತಡದು ತಡದು."

"ನೀ ಹೇಳೋದು ಸುಳ್ಳಾದ್ರ?" ಎಂದರು ಅತ್ತೆ.

"ಸುಳ್ಳಾದ್ರ ನಾ ಎಲ್ಲಿ ಓಡಿ ಹೋಗ್ಲಿ? ಇಲ್ಲೇ ಇರ್ತೇನಲ್ಲ."

ಅತ್ತೆ ನಮ್ಮ ಚರಿಗೆಯ ತಳ ಮುಚ್ಚುವಷ್ಟು ನೀರು ಇಟ್ಟುಕೊಂಡರು. ಉಳಿದದ್ದನ್ನು ಬಕೀಟು ಸಮೇತ ಹೆಗಲಿನ ಎತ್ತರಕ್ಕೆ ಎತ್ತಿ ಅವಳ ಕೊಡಕ್ಕೆ ಸುರಿದರು. ಅಂಚಿಗೆ ಬಡಿದು ಒಂದಿಷ್ಟು ಚೆಲ್ಲಿತು. ನನ್ನ ಜೀವ ಹೋದಂತಾಯಿತು.

"ಅಷ್ಟು ಮ್ಯಾಲಿಂದ ಯಾಕ? ಚೆಲ್ತದಲ್ಲ!" ಎಂದಳು ಅವಳು.

"ನೀವೇ ಕಲಿಸೀರಿ. ನಮಗ ಬ್ಯಾರೆ ಥರ ಹಾಕಲಿಕ್ಕಿ ಬರಲ್ಲ."

ಅವಳು ಎಡಗೈಯಲ್ಲಿ ಕೊಡ ಎತ್ತಿಕೊಂಡು, ನಮಗೆ ಬೆನ್ನು ತಿರುಗಿಸಿ ನಿಂತು ಗಟಗಟ ಕುಡಿದಳು. ನಮ್ಮ ಕೈಯ ನೀರು ಕುಡಿಯುವುದನ್ನು ನಾವೂ ನೋಡಬಾರದಿತ್ತು. ಮಕ್ಕಳೇ, ನಿಮ್ಮ ಮೊದಲ ನಿಯಮ ಹೊಡೆದು ಹಾಕಿ ಎನ್ನುತ್ತಿಲ್ಲ. ಲೋಕ ಮುಗಿದ ಕೂಡಲೇ ಅದು ತಾನಾಗಿ ಬರುತ್ತದೆ ಎಂದು ಮಾತ್ರ ಬರೆಯಬೇಡಿ. ಆಡುವವರು ಅದಕ್ಕೂ ದಾಳ ಹಾಕಬೇಕಾಗುತ್ತದೆ, ಎಷ್ಟೋ ಸಲ ಸೋಲಬೇಕಾಗುತ್ತದೆ.

ಆ ಮಧ್ಯಾಹ್ನ ಮುಗಿಯಲೇ ಇಲ್ಲ. ಮಗು ನನ್ನ ತೊಡೆಯ ಮೇಲೆ ಒದ್ದೆ ಅರಿವೆಯಂತೆ ಬಿದ್ದಿತ್ತು. ಬೆರಳು ಅದ್ದಿ ನಾಲಿಗೆಗೆ ಹನಿ ಬಿಡುತ್ತಿದ್ದೆ. ಕಕ್ಕೀತೆಂದು ತಡೆಯುತ್ತಿದ್ದೆ. ತಡೆದಾಗ ಉಸಿರು ಇದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಕೆನ್ನೆ ಹಿಡಿಯುತ್ತಿದ್ದೆ. ಬಿಸಿಗಾಳಿಯಲ್ಲಿ ಅದೂ ತಿಳಿಯುತ್ತಿರಲಿಲ್ಲ. ಎದುರಿಗೆ ಇನ್ನೊಂದು ನೆರಳಿನಲ್ಲಿ ಕುಳಿತಿದ್ದ ಆ ಹೆಂಗಸನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದೆ. ಅವಳ ಹೊಟ್ಟೆಯಲ್ಲಿರುವುದು ನನ್ನ ಮಗಳ ನೀರು ಎನಿಸುತ್ತಿತ್ತು. ಅತ್ತೆಯನ್ನೂ ಶಪಿಸಿದೆ. ಚರಿಗೆಯ ತಳ ಕಾಣತೊಡಗಿತು.

ಅತ್ತೆ ಹೋಗಿ ಬಕೀಟು ಬಿಟ್ಟರು. ಠಣ್ ಎಂದಿತು.

"ಇನ್ನಾ ತಡೀರಿ," ಎಂದಳು ಅವಳು ಅಲ್ಲಿಂದಲೇ.

ತಡೆದು ಮತ್ತೆ ಬಿಟ್ಟರು. ಮತ್ತೆ ಠಣ್. ಅತ್ತೆ ಬಾವಿಕಟ್ಟೆಗೆ ಹಣೆ ಹಚ್ಚಿ ಕುಳಿತುಬಿಟ್ಟರು. ದೆವ್ವಕ್ಕೂ ಹೆದರದ ಹೆಂಗಸು ಹಾಗೆ ಕುಳಿತದ್ದು ನೋಡಿ ನನಗೆ ಎಲ್ಲ ಮುಗಿಯಿತು ಎನಿಸಿತು. ಚರಿಗೆಯಲ್ಲಿ ಉಳಿದಿದ್ದ ಕೊನೆಯ ಹನಿಗಳನ್ನು ಬೆರಳಿನಿಂದ ಒರೆಸಿ ಮಗುವಿನ ಬಾಯಿಗೆ ಹಚ್ಚಿದೆ.

ಬಿಸಿಲು ಕೆಂಪಾದ ಮೇಲೆ ಆ ಹೆಂಗಸೇ ಎದ್ದು ಬಂದಳು. ಬಾವಿಗೆ ಬಗ್ಗಿ ಕಿವಿಗೊಟ್ಟಳು. "ಈಗ ಬಿಡು," ಎಂದಳು. ಬಕೀಟು ಕೆಳಗೆ ಹೋಗಿ ಬುಳಕ್ ಎಂದಿತು. ಅತ್ತೆಯ ಕೈಯಲ್ಲಿ ಬಲವಿರಲಿಲ್ಲ, ಹಗ್ಗ ಜಾರಿತು. ಅವಳು ತನ್ನ ಎಡಗೈಯಿಂದ ಅದೇ ಹಗ್ಗವನ್ನು, ಅತ್ತೆಯ ಕೈಗಿಂತ ಒಂದು ಗೇಣು ಕೆಳಗೆ, ಹಿಡಿದಳು. ಇಬ್ಬರೂ ಸೇರಿ ಎಳೆದರು. ನೀರು ತಿಳಿಯಾಗಿತ್ತು.

ಮತ್ತೆ ಹನಿ ಹನಿ ಹಾಕತೊಡಗಿದೆ. ಈ ಸಲ ಮಗು ನನ್ನ ಬೆರಳನ್ನು ಬಿಡದೆ ಚೀಪಿತು. ಕಕ್ಕಲಿಲ್ಲ. ಕತ್ತಲು ಇಳಿಯುವ ಮೊದಲು ನನ್ನ ತೊಡೆ ಬೆಚ್ಚಗಾಯಿತು. ಬೆವರಿರಬೇಕೆಂದು ಕೈ ಇಟ್ಟೆ. ಸೀರೆ ಒದ್ದೆಯಾಗಿತ್ತು. ನಿನ್ನೆಯಿಂದ ಒಣಗಿಯೇ ಇದ್ದ ಮಗು.

ಅತ್ತೆ ಮುಟ್ಟಿ ನೋಡಿದರು, ಮೂಸಿ ನೋಡಿದರು. "ಉಚ್ಚಿ ಹೊಯ್ದಾಳ!" ಎಂದು ಆ ಹೆಂಗಸಿನ ಕಡೆ ತಿರುಗಿ ಕೂಗಿದರು. "ಏ ಅಕ್ಕಾ, ನಮ್ಮ ಕೂಸು ಉಚ್ಚಿ ಹೊಯ್ತು!"

"ಹೊಯ್ಲಿ, ಹೊಯ್ಲಿ," ಎಂದಳು ಅವಳು. "ಇನ್ನಷ್ಟು ಹಾಕು."

ಆ ಮಗುವೇ ನಿಮ್ಮ ಅಪ್ಪನ ಅಕ್ಕ, ನಿಮ್ಮ ಸೋದರತ್ತೆ. ನಾನು ಆ ಸೀರೆ ಹಿಂಡಲಿಲ್ಲ. ಹಾಗೆಯೇ ತೊಡೆಗೆ ಒತ್ತಿಕೊಂಡು, ಬೆರಳು ಅದ್ದುತ್ತ ಕುಳಿತೆ.