ಬೇಗ ಉತ್ತರ ಕೊಡದ ಎಡ್ನಮ್ಮ

ನನ್ನ ಮೊಮ್ಮಗಳು ಸುಧಾ ಅವಳ ಶಾಲೆಯಲ್ಲಿ ಪಾತ್ರೆ ತೊಳೆಯುವ ಗುಂಪಿಗೆ ಮುಖ್ಯಸ್ಥೆಯಾದಳು! ಇವತ್ತು ಸಂಜೆ ಬಸ್ಸಿಳಿದು ಬಂದವಳೇ ಬಾಗಿಲಲ್ಲೇ ಹೇಳಿದಳು. ಕೈಯಲ್ಲಿದ್ದ ಸೌಟನ್ನು ಕೆಳಗಿಡುವುದೂ ಮರೆತು ನಾನು ಅವಳನ್ನು ತಬ್ಬಿಕೊಂಡೆ. ಅವಳ ಕೋಟಿನ ಬೆನ್ನಿಗೆಲ್ಲ ಹುಳಿಯಾಯಿತು. ಇಂಥ ಸುದ್ದಿಗೂ ಯಾರಾದರೂ ಹಿಗ್ಗುತ್ತಾರೆಯೇ ಎಂದು ನೀವು ಕೇಳಬಹುದು. ಮೂರು ವರ್ಷದ ಹಿಂದೆ ಈ ಮನೆಯಲ್ಲೂ ಯಾರೂ ಹಿಗ್ಗುತ್ತಿರಲಿಲ್ಲ. ಹಿಗ್ಗುವ ಹಾಗೆ ಮಾಡಿ ಹೋದವರು ಎಡ್ನಮ್ಮ.

ಅವರ ಹೆಸರು ಎಡ್ನಾ. ಸುಧಾಳ ಟೀಚರು. ಆ ಶಾಲೆಯಲ್ಲಿ ಎಂಥ ಹಿರಿಯರನ್ನೂ ಮಕ್ಕಳು ಬರೀ ಹೆಸರು ಹಿಡಿದೇ ಕರೆಯಬೇಕಂತೆ. ತಲೆ ಪೂರ್ತಿ ಬೆಳ್ಳಗಾದ ಹೆಂಗಸನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳಲಿಲ್ಲ, ಒಂದು 'ಅಮ್ಮ' ಸೇರಿಸಿಕೊಂಡೆ. ಎತ್ತರದ ಆಳು, ಗಂಡಸರ ಬೂಟು, ಜಡೆ ಸುತ್ತಿದ ತುರುಬಿನಲ್ಲಿ ಹೂವಿನ ಬದಲು ಒಂದು ಪೆನ್ಸಿಲ್. ಏನು ಕೇಳಿದರೂ ಮೊದಲು ಕಣ್ಣು ಮುಚ್ಚುತ್ತಿದ್ದರು. ಕಾಫಿಗೆ ಸಕ್ಕರೆ ಬೇಕಾ ಎಂದರೂ ಅಷ್ಟೇ. ಒಳಗೆ ಎಲ್ಲೋ ಹೋಗಿ, ಯಾರನ್ನೋ ಕೇಳಿಕೊಂಡು ಬಂದವರ ಹಾಗೆ ಕಣ್ಣು ಬಿಟ್ಟು, "ಒಂದು ಚಮಚ" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಕಾಫಿ ಆರಿರುತ್ತಿತ್ತು.

ನಾನು ಅಮೆರಿಕದ ಗೈದರ್ಸ್‌ಬರ್ಗಿನ ಈ ಮಗನ ಮನೆಗೆ ಬಂದು ಸೇರಿದ ವರ್ಷವೇ ಸುಧಾಳನ್ನು ಆ ಶಾಲೆಗೆ ಹಾಕಿದ್ದು. ನನ್ನ ಮಗ ಶ್ರೀನಾಥ ಡಾಕ್ಟರು. ಆಸ್ಪತ್ರೆಯಲ್ಲಿ ಯಾರೋ ಒಳ್ಳೆಯ ಶಾಲೆ ಎಂದರಂತೆ, ಸೇರಿಸಿದ. ಅದು ಕ್ರೈಸ್ತರಲ್ಲೇ ಕ್ವೇಕರ್ ಎಂಬ ಮತದವರ ಶಾಲೆ ಎಂಬುದು ಅವನಿಗೆ ಗೊತ್ತಿತ್ತು. ಹಾಗೆಂದರೆ ಏನೆಂಬುದು ಗೊತ್ತಿರಲಿಲ್ಲ.

ಮರದೆಲೆಗಳು ಕೆಂಪಾಗಿ ಉದುರುವ ಕಾಲಕ್ಕೆ ಮನೆಯವರನ್ನೆಲ್ಲ ಶಾಲೆಗೆ ಕರೆದಿದ್ದರು. ಒಂದು ಹಳೆಯ ಹಜಾರದಲ್ಲಿ ದೊಡ್ಡವರು, ಮಕ್ಕಳು ಬೆಂಚುಗಳ ಮೇಲೆ ಕೂತಿದ್ದಾರೆ. ಪಾದ್ರಿ ಇಲ್ಲ, ಹಾಡಿಲ್ಲ, ಕೆಮ್ಮು ಕೂಡ ಇಲ್ಲ. ನಾಲ್ಕನೇ ಕ್ಲಾಸಿನವರೆಗೆ ಓದಿದ ನನಗೆ ಶಾಲೆ ಎಂದರೆ ಗಲಾಟೆ. ಇಷ್ಟು ಜನ ಹೀಗೆ ಬಾಯಿ ಮುಚ್ಚಿ ಕೂತಿದ್ದರೆ ಸಾವೇ ಆಗಿರಬೇಕು ಎಂದುಕೊಂಡೆ. ಹೊರಗೆ ಬಂದ ಮೇಲೆ ಎಡ್ನಮ್ಮನ ಎರಡೂ ಕೈ ಹಿಡಿದು, "ಪಾಪ, ಯಾರಮ್ಮಾ ಹೋಗಿದ್ದು?" ಎಂದೆ. ಸುಧಾ ನಾಚಿಕೊಂಡೇ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಎಡ್ನಮ್ಮ ಕಣ್ಣು ಮುಚ್ಚಿ ಯೋಚಿಸಿ ಹೇಳಿದರು: "ಇವತ್ತು ಯಾರೂ ಇಲ್ಲ."

ಅದು ಅವರ ಪ್ರಾರ್ಥನೆಯಂತೆ. ಸುಮ್ಮನೆ ಕೂರುವುದು, ಯಾರಿಗಾದರೂ ಮನಸ್ಸಿನಿಂದ ಮಾತು ಬಂದರೆ ಎದ್ದು ಹೇಳುವುದು.

ಆ ಶಾಲೆಯ ಕೆಲಸವನ್ನೆಲ್ಲ ಮಕ್ಕಳೇ ಮಾಡಬೇಕಂತೆ. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ರೇಕ್ ಹಿಡಿದು ಅಂಗಳದ ಎಲೆ ಎಳೆಯತೊಡಗಿದರು. ಊಟವಾದ ಮೇಲೆ ಸುಧಾ ಏಪ್ರನ್ ಕಟ್ಟಿಕೊಂಡು ಊರವರ ತಟ್ಟೆಗಳನ್ನೆಲ್ಲ ತೊಳೆಯಲು ನಿಂತಳು. ಶ್ರೀನಾಥನ ಮುಖ ಹುಣಸೆಹಣ್ಣಾಯಿತು. ಕಾರಿನಲ್ಲಿ ಶುರುಮಾಡಿದ: "ನಾನು ಹಗಲು ರಾತ್ರಿ ಡ್ಯೂಟಿ ಮಾಡೋದು ಇವಳು ಪಾತ್ರೆ ತಿಕ್ಕಲಿ ಅಂತಾನಾ? ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆಗ್ಲಿ, ಪಬ್ಲಿಕ್ ಸ್ಕೂಲಿಗೆ ಟ್ರಾನ್ಸ್‌ಫರ್ ಮಾಡಿಸ್ತೀನಿ." ಸುಧಾ ಕಿಟಕಿಯ ಕಡೆ ತಿರುಗಿದಳು. ಹುಡುಗಿಯ ಕಿವಿ ಕೆಂಪಾಗಿದ್ದು ನನಗೆ ಕಾಣುತ್ತಿತ್ತು.

ವಿಷಯ ತಿಳಿದು ಎಡ್ನಮ್ಮ ಒಂದು ಭಾನುವಾರ ಮನೆಗೆ ಬಂದರು. ಸೊಸೆ ವಿಮಲ ಉಪ್ಪಿಟ್ಟು ಮಾಡಿದಳು. ಎಡ್ನಮ್ಮ ತಟ್ಟೆ ಮುಂದಿಟ್ಟುಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು, ಆಮೇಲೆ ತಿಂದರು. ಶ್ರೀನಾಥ ಮಾತಾಡಿದ. ಕೆಮಿಸ್ಟ್ರಿ, ಮೆಡಿಕಲ್ ಕಾಲೇಜು, ನಮ್ಮ ಮನೆತನ, ಎಲ್ಲ ಹೇಳಿದ. ಅವರು ತಡೆಯಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ಎದುರಿನವರು ಸುಮ್ಮನಿದ್ದರೆ ಎಷ್ಟು ಹೊತ್ತು ಜಗಳವಾಡಲು ಆಗುತ್ತದೆ? ಅವನ ಮಾತು ತಾನೇ ತಾನಾಗಿ ತೀರಿತು.

ಆಗ ಎಡ್ನಮ್ಮ ಕೇಳಿದರು: "ಸುಧಾಗೆ ಏನನ್ನಿಸುತ್ತೆ?"

ಅದನ್ನು ನಾವು ಯಾರೂ ಕೇಳಿರಲಿಲ್ಲ. ಸುಧಾ ಬಾಯಿ ಬಿಡಲಿಲ್ಲ. ವಿಮಲ ಏನೋ ಹೇಳಹೊರಟಳು, ಎಡ್ನಮ್ಮ ಕಾಯೋಣ ಎನ್ನುವಂತೆ ಬೆರಳೆತ್ತಿದರು. ಕೊನೆಗೆ ಹುಡುಗಿ ತಟ್ಟೆ ನೋಡಿಕೊಂಡೇ ಹೇಳಿದಳು.

"ಲಂಚ್‌ನಲ್ಲಿ ನನ್ ಜೊತೆ ಯಾರೂ ಕೂತ್ಕೊಳ್ತಿರ್ಲಿಲ್ಲ ಡ್ಯಾಡಿ. ಬಟ್ ಡಿಶಸ್ ಮಾಡೋವಾಗ ಎಲ್ಲಾರೂ ನನ್ ಜೊತೆ ಮಾತಾಡ್ತಾರೆ. ಐ ಹ್ಯಾವ್ ಫ್ರೆಂಡ್ಸ್ ದೇರ್."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದ ಶ್ರೀನಾಥ.

"ನೀವು ಗ್ಯಾಪ್ ಕೊಡಲ್ವಲ್ಲಾ."

ನನಗೆ ನಗು ಬಂತು, ಸೆರಗು ಅಡ್ಡ ಹಿಡಿದೆ. ಶ್ರೀನಾಥ ಕನ್ನಡಕ ತೆಗೆದು ಒರೆಸಿದ. ಸರಿ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಎಡ್ನಮ್ಮ ಎದ್ದು, "ಇನ್ನೂ ತಿಳಿಯಾಗಿಲ್ಲ. ಚಳಿಗಾಲ ಕಳೆಯಲಿ" ಎಂದು ತಮ್ಮ ತಟ್ಟೆ ತೊಳೆದಿಟ್ಟು ಹೋದರು. ಕಲಕಿದ ನೀರನ್ನು ಬಿಟ್ಟರೆ ಮಣ್ಣು ಕೆಳಗಿಳಿಯುತ್ತದಲ್ಲ, ಹಾಗೆ ಎಂದು ಸುಧಾ ನನಗೆ ಬಿಡಿಸಿ ಹೇಳಿದಳು. ಚಳಿಗಾಲ ಕಳೆಯಿತು. ಟ್ರಾನ್ಸ್‌ಫರಿನ ಮಾತು ಮತ್ತೆ ಬರಲಿಲ್ಲ.

ನಾನು ಅವರನ್ನು ಕೊನೆಗೆ ನೋಡಿದ್ದು ಹೋದ ವರ್ಷ ಇದೇ ಎಲೆ ಉದುರುವ ಕಾಲದಲ್ಲಿ. ಶಾಲೆಯ ಅಂಗಳದಲ್ಲಿ ಬೆಂಕಿ ಹಾಕಿ, ಹಂಡೆಯಲ್ಲಿ ಸೇಬಿನಹಣ್ಣು ಕುದಿಸಿ, ಕಪ್ಪಾಗಿ ಗಟ್ಟಿಯಾಗುವವರೆಗೂ ತಿರುವುತ್ತಾರೆ. ಆಪಲ್ ಬಟರ್ ಅನ್ನುತ್ತಾರೆ. ಬೆಣ್ಣೆ ಒಂದು ಚೂರೂ ಇರುವುದಿಲ್ಲ. ಉದ್ದನೆಯ ಮರದ ಹುಟ್ಟಿಗೆ ಆ ಕಡೆ ಅವರು ಕೈ ಹಾಕಿದರು, ಈ ಕಡೆ ನಾನು. ನಾನು ಮೈಸೂರುಪಾಕಿನ ಅವಸರದಲ್ಲಿ ತಿರುವಿದೆ. ಅವರು ನನ್ನ ಕೈಮೇಲೆ ಕೈಯಿಟ್ಟು ನಿಧಾನ ಮಾಡಿಸಿದರು. ಕಾಯಿಲೆ ಬಿದ್ದ ತಂಗಿಯನ್ನು ನೋಡಿಕೊಳ್ಳಲು ನಾರ್ತ್ ಕ್ಯಾರೊಲಿನಾಕ್ಕೆ ಹೋಗಿಬಿಡುತ್ತಾರೆ ಎಂದು ಸುಧಾ ಹೇಳಿದ್ದಳು. "ಅಲ್ಲಿಗೆ ಯಾವಾಗ ಬರ್ತೀರಿ?" ಎಂದು ನನ್ನನ್ನೇ ಕೇಳಿದರು. ನಾನು ಕಣ್ಣು ಮುಚ್ಚಿದೆ. ಬೇಕಾದಷ್ಟು ಹೊತ್ತು ಮುಚ್ಚಿಕೊಂಡಿದ್ದು, "ಇನ್ನೂ ತಿಳಿಯಾಗಿಲ್ಲ" ಎಂದೆ. ಸುಧಾ ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಎಡ್ನಮ್ಮ ತಲೆ ಹಿಂದಕ್ಕೆ ವಾಲಿಸಿ ಗಟ್ಟಿಯಾಗಿ ನಕ್ಕರು. ಅವರ ಹಲ್ಲು ನಾನು ನೋಡಿದ್ದು ಅದೊಂದೇ ಸಲ.

ಈ ಮುಖ್ಯಸ್ಥೆಯ ಕೆಲಸಕ್ಕೂ ಅಲ್ಲಿ ಓಟು ಹಾಕುವುದಿಲ್ಲ. ಎಲ್ಲರಿಗೂ ಒಪ್ಪಿಗೆಯಾಗಬೇಕು, ಒಬ್ಬರು ಬೇಡ ಎಂದರೂ ಕಾಯುತ್ತಾರೆ. ವಾರಗಟ್ಟಲೆ ಒಪ್ಪದೆ ಕೂತಿದ್ದವರು ಯಾರು ಎಂದರೆ ನಮ್ಮ ಸುಧಾನೇ! ಬೇರೆಯವರಿಗೆ ಕೆಲಸ ಹೇಳಲು ತನಗೆ ಬಾಯಿ ಬರುವುದಿಲ್ಲ ಎಂದು. ಇವತ್ತು ತಾನೇ ಎದ್ದು ಹೂಂ ಎಂದಳಂತೆ.

ಶ್ರೀನಾಥ ಆಸ್ಪತ್ರೆಯಿಂದ ಬಂದು ಕೇಳಿದವನೇ ಅಟ್ಲಾಂಟಾದ ಡಾಕ್ಟರ್ ಗೆಳೆಯನಿಗೆ ಫೋನ್ ಹಚ್ಚಿದ: "ನಮ್ ಸುಧಾ ಹೆಡ್ ಆದ್ಲು ಕಣಯ್ಯಾ! ಯಾವ್ದಕ್ಕಾ? ಪಾತ್ರೆ ತೊಳೆಯೋ ಟೀಮಿಗೆ! ನಗಬೇಡ, ನಿನಗೆ ಅರ್ಥ ಆಗಲ್ಲ."

ಆಮೇಲೆ ಸುಧಾ ನಾರ್ತ್ ಕ್ಯಾರೊಲಿನಾಕ್ಕೆ ಮಾಡಿದಳು. ಸುದ್ದಿ ಹೇಳಿದಳು, ಫೋನು ಕಿವಿಗಿಟ್ಟುಕೊಂಡು ನಿಂತಳು. ನಿಂತೇ ಇದ್ದಳು.

"ಲೈನ್ ಕಟ್ ಆಯ್ತಾ?" ಎಂದ ಶ್ರೀನಾಥ.

ಅವಳು ನಗುತ್ತಾ ತಲೆಯಾಡಿಸಿ, ಇನ್ನಷ್ಟು ಕಾದು, ಕೊನೆಗೆ ಫೋನಿಟ್ಟಳು.

"ಏನಂದ್ರೇ ಎಡ್ನಮ್ಮ?"

"ಒರೆಸೋ ಬಟ್ಟೆ ಸಾಕಷ್ಟು ಇದ್ಯಾ ಅಂದ್ರು ಅಜ್ಜಿ."

ಊಟಕ್ಕೆ ಕೂತೆವು. ಹುಳಿ, ಸಿಹಿಗುಂಬಳದ ಪಲ್ಯ, ಶಾವಿಗೆ ಪಾಯಸ. ಯಾರೂ ಹೇಳದೆ ಶ್ರೀನಾಥನೇ ಮೊದಲು ಕಣ್ಣು ಮುಚ್ಚಿದ. ವಿಮಲ, ಸುಧಾ, ನಾನೂ ಮುಚ್ಚಿದೆವು. ಎಡ್ನಮ್ಮ ಇದ್ದಿದ್ದರೆ ಇನ್ನೂ ಎಷ್ಟು ಹೊತ್ತು ಕೂರಿಸುತ್ತಿದ್ದರೋ. ನನ್ನ ಕೈಲಿ ಆಗಲಿಲ್ಲ. "ಸಾಕು ಕಣ್ರೋ, ಪಾಯಸ ಆರ್ತಾ ಇದೆ!" ಎಂದುಬಿಟ್ಟೆ. ಎಲ್ಲರೂ ಒಟ್ಟಿಗೇ ನಕ್ಕೆವು, ಒಟ್ಟಿಗೇ ತಿಂದೆವು. ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ತೊಳೆಯುವವಳು ಇವತ್ತು ದೊಡ್ಡ ಮನುಷ್ಯಳಲ್ಲವೇ.