ಶಟರ್ ಎತ್ತಿದ ಕೈ

ಬೆಳಿಗ್ಗೆ ಬೇಗ ಏಳುವುದು ನನ್ನ ದೊಡ್ಡ ಸಾಧನೆಯೇನಲ್ಲ. ಮಂಗಳೂರಿನ ಬೋಳಾರದ ನಮ್ಮ ಮನೆಯಲ್ಲಿ ಸುಬಹಿ ನಮಾಝಿನ ಹೊತ್ತಿಗೂ ಯಾರಾದರೂ ಮಲಗಿದ್ದರೆ ಉಮ್ಮ ಬಂದು ಜ್ವರವೇ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಜ್ವರ ಇಲ್ಲವೆಂದು ಗೊತ್ತಾದ ಮರುಕ್ಷಣ ಹೊದಿಕೆ ಎಳೆಯುತ್ತಿದ್ದರು. ಹಾಗಾಗಿ ನಾನು ಜಿಮ್ ಶುರುಮಾಡಿದಾಗ ನಸುಕಿನಲ್ಲಿ ಬಾಗಿಲು ತೆರೆಯುವುದು ಕಷ್ಟವಾಗಲಿಲ್ಲ. ನಮಾಝ್ ಮುಗಿಸಿ ಸ್ಕೂಟರ್ ಹತ್ತಿದರೆ ಜಿಮ್ ಇರುವ ಫಳ್ನೀರಿಗೆ ಬರುವಾಗ ಆಸ್ಪತ್ರೆಗಳ ದೀಪ ಬಿಟ್ಟರೆ ಬೇರೆ ಬೆಳಕು ಇರುವುದಿಲ್ಲ. ಊರು ಎಚ್ಚರವಾಗುವ ಮೊದಲು ಊರಿನ ರಸ್ತೆ ನನ್ನೊಬ್ಬನದೇ ಎನ್ನುವ ಗರ್ವ ಈಗಲೂ ನನಗೆ ಸ್ವಲ್ಪ ಉಂಟು.

ಬಾಪಾಗೆ ಮಾತ್ರ ಈ ಕೆಲಸ ಹಿಡಿಸಿರಲಿಲ್ಲ. ಅವರದು ಬಂದರಿನಲ್ಲಿ ಮೆಣಸು, ಬೆಳ್ಳುಳ್ಳಿಯ ಸಗಟು ವ್ಯಾಪಾರ. ಅಣ್ಣಂದಿರು ಗಲ್ಫಿನಲ್ಲಿ. ನಾನೊಬ್ಬ ಕಬ್ಬಿಣದ ತುಂಡುಗಳನ್ನು ಸಾಲಾಗಿ ಜೋಡಿಸಿ ಕೂತೆ. "ಕಬ್ಬಿಣ ತೂಗಿ ಮಾರುವವರನ್ನು ನೋಡಿದ್ದೇನೆ. ಎತ್ತಿ ಅಲ್ಲೇ ಇಡ್ಲಿಕ್ಕೆ ಫೀಸು ಕೊಡುವವರನ್ನು ನೋಡಿದ್ದಿಲ್ಲ," ಎಂದು ಅವರು ನೆಂಟರ ಎದುರು ನಗುತ್ತಿದ್ದರು. ನನಗೆ ಉರಿಯುತ್ತಿತ್ತು. ಆದರೆ ಒಂದು ವಿಷಯದಲ್ಲಿ ಅವರ ವ್ಯಾಪಾರಕ್ಕೂ ನನ್ನದಕ್ಕೂ ಇರುವ ವ್ಯತ್ಯಾಸ ನನಗೆ ಬೇಗ ತಿಳಿಯಿತು. ಅಂಗಡಿಯವರಿಗೆ ಹೊಟ್ಟೆ ಬಂದರೆ ವ್ಯಾಪಾರ ಚೆನ್ನಾಗಿದೆ ಎನ್ನುತ್ತಾರೆ. ಜಿಮ್ಮಿನವನಿಗೆ ಬಂದರೆ ಜನ ಬೇರೆ ಜಿಮ್ ಹುಡುಕುತ್ತಾರೆ. ನಮ್ಮ ಮೈಯೇ ನಮ್ಮ ಬೋರ್ಡು.

ಆ ಬೋರ್ಡು ಮುರಿದದ್ದು ಒಂದು ಬೇಸಿಗೆಯ ಬೆಳಿಗ್ಗೆ. ಭಾರ ಎತ್ತುವಾಗ ಮುರಿದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಮುರಿದದ್ದು ಶಟರ್ ಎತ್ತುವಾಗ. ಕಡಲ ಗಾಳಿಗೆ ನಮ್ಮ ಊರಿನ ಶಟರುಗಳೆಲ್ಲ ತುಕ್ಕು ಹಿಡಿಯುತ್ತವೆ. ಎಣ್ಣೆ ಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ, ಬಿಡುತ್ತಿರಲಿಲ್ಲ. ಮಂಡಿ ಮಡಚಿ, ಬೆನ್ನು ನೇರ ಇಟ್ಟು ಎತ್ತಬೇಕು ಎಂದು ದಿನವಿಡೀ ಬೊಬ್ಬೆ ಹೊಡೆಯುವ ನಾನು, ಕೀಲಿಕೈ ಬಾಯಲ್ಲಿ ಕಚ್ಚಿಕೊಂಡು, ಸೊಂಟ ಬಾಗಿಸಿ ಒಂದೇ ಸಲಕ್ಕೆ ಎಳೆದೆ. ಶಟರ್ ಮೇಲೆ ಹೋಯಿತು. ನಾನು ಕೆಳಗೇ ಉಳಿದೆ.

ಫಳ್ನೀರಿನಲ್ಲಿ ಕಾಲಿಟ್ಟಲ್ಲೆಲ್ಲ ಡಾಕ್ಟರರು ಇದ್ದಾರೆ. ಅವರಲ್ಲಿ ಕೆಲವರು ನನ್ನ ಜಿಮ್ಮಿಗೇ ಬರುವವರು. ಅದೇ ತೊಂದರೆ. ನಾನು ಸ್ಕೂಟರ್ ಹತ್ತಿ ನಂತೂರಿನ ಆಚೆ, ನನ್ನ ಗುರುತು ಯಾರಿಗೂ ಇಲ್ಲದ ಒಂದು ಕ್ಲಿನಿಕ್ಕಿಗೆ ಹೋದೆ. ಲಾರಿಗಳ ನಡುವೆ ನುಸುಳಿ, ಹೊಂಡಗಳನ್ನೆಲ್ಲ ಬೆನ್ನಿನಿಂದಲೇ ಎಣಿಸಿಕೊಂಡು ಹೋದ ಆ ಪ್ರಯಾಣದಲ್ಲಿ ನೋವು ಇನ್ನಷ್ಟು ಜೋರಾಯಿತು. ಡಾಕ್ಟರರು ಡಿಸ್ಕ್ ಜಾರಿದೆ ಎಂದರು. ಕೆಲವು ತಿಂಗಳು ಏನೂ ಎತ್ತುವ ಹಾಗಿಲ್ಲ. "ಎಂತ ಕೆಲಸ ನಿಮ್ಮದು?" ಎಂದು ಕೇಳಿದರು. "ಬಿಸಿನೆಸ್," ಎಂದೆ.

ಹೆಂಡತಿ ಬೆಳಿಗ್ಗೆ ನನ್ನ ಸೊಂಟಕ್ಕೆ ಡಾಕ್ಟರರು ಕೊಟ್ಟ ಬೆಲ್ಟು ಬಿಗಿಯುತ್ತಾ, "ಎಲ್ಲರಿಗೂ ಒಮ್ಮೆ ಹೇಳಿಬಿಡಿ. ನೋವು ಬರುದು ಮನುಷ್ಯರಿಗೇ ಅಲ್ವಾ?" ಎಂದಳು. ಅವಳಿಗೆ ಹೇಳುವುದು ಸುಲಭ. ನಮ್ಮ ರಸ್ತೆಯಲ್ಲೇ ಹೊಸದಾಗಿ ಗಾಜಿನ ಗೋಡೆಯ ಎಸಿ ಜಿಮ್ ಒಂದು ಬಂದಿತ್ತು. ನಮ್ಮದರಲ್ಲಿ ನಾಲ್ಕು ಫ್ಯಾನು, ಮತ್ತೆ ನಾನು. ನನ್ನ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ 'ನೋವು ತಲೆಯಲ್ಲಿ, ಮೈಯಲ್ಲಿ ಅಲ್ಲ' ಎಂದು ನಾನೇ ಬರೆಸಿದ್ದೆ. ಅದರ ಕೆಳಗೆ ಸೊಂಟ ಹಿಡಿದುಕೊಂಡು ನಿಲ್ಲುವುದು ಹೇಗೆ? ಯಾರಿಗೂ ಹೇಳಲಿಲ್ಲ. ಒಳಗಿನ ಕೆಲಸ ಬಾಯಿಯಿಂದಲೇ ನಡೆಯಿತು. ಎತ್ತಿ ತೋರಿಸುವ ಬದಲು ಎರಡು ಪಟ್ಟು ಜೋರಾಗಿ ಬೈದೆ. ಜನ ನಾನು ಇನ್ನೂ ಸ್ಟ್ರಿಕ್ಟ್ ಆಗಿದ್ದೇನೆ ಎಂದುಕೊಂಡರು.

ಉಳಿದದ್ದು ಶಟರ್. ಅದನ್ನು ಬಾಯಿಯಿಂದ ಎತ್ತಲು ಆಗುವುದಿಲ್ಲ.

ಕ್ಲಿನಿಕ್ಕಿಗೆ ಹೋದ ಮರುದಿನವೋ ಅದರ ಮರುದಿನವೋ, ಬೀಗ ತೆಗೆದು ಶಟರಿಗೆ ಕೈ ಹಾಕಿ, ಬಾಗಲೂ ಆಗದೆ ಏಳಲೂ ಆಗದೆ ನಿಂತಿದ್ದೆ. ಹಿಂದೆ ರಿಕ್ಷಾ ನಿಂತ ಸದ್ದಾಯಿತು. ದಕ್ಕೆಯಿಂದ ಮೀನು ತಂದು ನಮ್ಮ ಕಟ್ಟಡದ ಮೂಲೆಯಲ್ಲಿ ಕೂತು ಮಾರುವ ಅಕ್ಕ. ಬೋಟು ಬರುವ ಹೊತ್ತಿಗೇ ದಕ್ಕೆಯಲ್ಲಿರಬೇಕಾದ ಅವರು ನನಗಿಂತ ಮೊದಲು ಏಳುವವರು. ವರ್ಷಗಳಿಂದ ಮುಖ ಪರಿಚಯ. ನಮ್ಮ ಮನೆಗೂ ಅವರಿಂದ ಬಂಗುಡೆ ಹೋಗುತ್ತಿತ್ತು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ಸಾಹೇಬ್ರೇ, ಬಾಗಿಲಿಗೆ ಸಲಾಂ ಹೇಳುದಾ?"

"ಬೀಗ ಸ್ವಲ್ಪ ಜಾಮ್ ಆಗಿದೆ ಅಕ್ಕ."

"ಬೀಗ ನಿಮ್ಮ ಕೈಯಲ್ಲೇ ಉಂಟಲ್ಲ ಮಾರಾಯ್ರೆ. ಜಾಮ್ ಆದದ್ದು ಸೊಂಟ."

ಅವರು ಬುಟ್ಟಿಯನ್ನು ರಿಕ್ಷಾದಲ್ಲೇ ಬಿಟ್ಟು ಬಂದು, ಎಡಗೈಯಲ್ಲಿ ಶಟರಿನ ಹಿಡಿ ಹಿಡಿದು, ಮಂಡಿಯನ್ನು ಅಡಿಗೆ ಕೊಟ್ಟು, ಒಂದೇ ಉಸಿರಿಗೆ ಅದನ್ನು ಮೇಲೆ ತಳ್ಳಿದರು. ನಾನು ಯಾರಾದರೂ ಬರುತ್ತಿದ್ದಾರಾ ಎಂದು ರಸ್ತೆಯ ತುದಿ ನೋಡುತ್ತಿದ್ದೆ. ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡೆ.

"ನಾನು ಮಾರುದು ಮೀನು, ಸುದ್ದಿ ಅಲ್ಲ," ಎಂದು ಸೆರಗಿಗೆ ಕೈ ಒರೆಸಿಕೊಂಡು ಹೋದರು.

ಅಂದಿನಿಂದ ಅದೇ ಪದ್ಧತಿಯಾಯಿತು. ನಾನು ಬೀಗ ತೆಗೆಯುವುದು, ಅವರು ಎತ್ತುವುದು, ನಾನು ರಸ್ತೆ ಕಾಯುವುದು. ಸದಸ್ಯರು ಬರುವಾಗ ಎದೆ ಸೆಟೆಸಿ ಬಾಗಿಲಲ್ಲಿ ನಿಂತಿರುತ್ತಿದ್ದೆ. ಅಕ್ಕ ಮೂಲೆಯಲ್ಲಿ ಗೋಣಿ ಹಾಸಿಕೊಂಡು ಏನೂ ಗೊತ್ತಿಲ್ಲದವರಂತೆ ಐಸ್ ಒಡೆಯುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಆ ಕಳ್ಳಾಟ ಖುಷಿಯನ್ನೂ ಕೊಡುತ್ತಿತ್ತು. ಇಡೀ ಫಳ್ನೀರಿನ ಕಣ್ಣಿಗೆ ಮಣ್ಣೆರಚಿದ್ದೇನೆ ಎಂದು ಬೀಗುತ್ತಿದ್ದೆ.

ಆಮೇಲೆ ಮಳೆ ಹಿಡಿಯಿತು. ಜಿಟಿಜಿಟಿ ಸುರಿಯುವ ಒಂದು ಬೆಳಿಗ್ಗೆ ಬೀಗ ತೆಗೆದು ಕಾದೆ. ರಿಕ್ಷಾ ಬರಲಿಲ್ಲ. ಅಕ್ಕನಿಗೆ ಹುಷಾರಿಲ್ಲವೇನೋ ಎಂದುಕೊಂಡೆ. ಇನ್ನೂ ಸ್ವಲ್ಪ ಕಾದ ಮೇಲೆ ತಲೆಗೆ ಹೊಳೆಯಿತು. ಮಳೆಗಾಲದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮೀನುಗಾರಿಕೆಗೆ ರಜೆ. ದಕ್ಕೆ ಖಾಲಿ. ಹಿಂದಿನ ರಾತ್ರಿಯಷ್ಟೇ ಮನೆಯಲ್ಲಿ ಒಣಮೀನಿನ ಚಟ್ನಿ ಉಣ್ಣುತ್ತಾ, ಇನ್ನು ಎರಡು ತಿಂಗಳು ಹಸಿ ಮೀನಿನ ಆಸೆ ಬಿಡಬೇಕು ಎಂದು ಗೊಣಗಿದವನು ನಾನೇ. ಮಂಗಳೂರಿನಲ್ಲಿ ಹುಟ್ಟಿದವನಿಗೆ ಇದನ್ನು ಯಾರಾದರೂ ಹೇಳಿಕೊಡಬೇಕೇ? ಅಕ್ಕನೂ ಹಾಗೆಯೇ ಅಂದುಕೊಂಡಿದ್ದಿರಬೇಕು. ನನ್ನ ಲೆಕ್ಕದಲ್ಲಿ ಮೀನಿಗೆ ರಜೆ ಇತ್ತು, ಶಟರ್ ಎತ್ತುವ ಕೈಗೆ ಇರಲಿಲ್ಲ.

ಮೊದಲು ಬಂದವರು ನಿವೃತ್ತ ಬ್ಯಾಂಕ್ ಅಧಿಕಾರಿ. ಅವರ ಹಿಂದೆಯೇ ನೈಟ್ ಡ್ಯೂಟಿ ಮುಗಿಸಿದ ನರ್ಸ್ ಒಬ್ಬರು, ಆಸ್ಪತ್ರೆಯಿಂದ ನೇರ ಇಲ್ಲಿಗೆ ಬಂದು ಅರ್ಧ ಗಂಟೆ ಬೆವರು ಸುರಿಸಿ ಮನೆಗೆ ಹೋಗುವವರು. ಇಬ್ಬರೂ ಕೊಡೆ ಹಿಡಿದು ನನ್ನನ್ನೂ ಮುಚ್ಚಿದ ಶಟರನ್ನೂ ನೋಡುತ್ತಾ ನಿಂತರು. ಬೀಗ ಜಾಮ್ ಎನ್ನಲು ಬಾಯಿ ತೆರೆದೆ. ಬೀಗ ಆವತ್ತೂ ನನ್ನ ಕೈಯಲ್ಲೇ ಇತ್ತು.

"ನನಗೆ ಇದನ್ನು ಎತ್ಲಿಕ್ಕೆ ಆಗುದಿಲ್ಲ," ಎಂದೆ. "ಡಿಸ್ಕ್ ಹೋಗಿದೆ. ತುಂಬ ದಿನ ಆಯ್ತು."

ನನಗೆ ಅಳು ಬರುವ ಹಾಗಾಗಿತ್ತು. ಈಗ ಇವರು ಗಾಜಿನ ಜಿಮ್ಮಿನ ದಾರಿ ಹಿಡಿಯುತ್ತಾರೆ ಎಂದೇ ಕಾದೆ. ಬ್ಯಾಂಕಿನವರು ಕೊಡೆ ಮಡಚಿ ಗೋಡೆಗೆ ಒರಗಿಸಿದರು. ಇಬ್ಬರೂ ಸೇರಿ ಶಟರ್ ಎತ್ತಿದರು. ಎತ್ತುವಾಗ ಬ್ಯಾಂಕಿನವರ ಬಾಯಿಂದ ಒಂದು ನರಳಿಕೆ ಹೊರಟಿತು.

"ಎಂತಾಯ್ತು ಸರ್?"

"ಮೊಣಕಾಲು. ಹಳೇದು." ಅವರು ನನ್ನ ಮುಖ ನೋಡಲಿಲ್ಲ. "ನಿಮ್ಮಲ್ಲಿಗೆ ಬರುವ ಮೊದಲು ದಿನಾ ಒಂದು ಮಾತ್ರೆ ತಗೊಂಡೇ ಬರುದು."

"ಮಾತ್ರೆ ತಗೊಂಡು ಸ್ಕ್ವಾಟ್ ಮಾಡ್ತಿದ್ದೀರಾ? ನನಗೆ ಯಾಕೆ ಹೇಳಲಿಲ್ಲ?"

ಅವರು ಒಳಗಿನ ಗೋಡೆಯತ್ತ ಕೈ ತೋರಿಸಿದರು. ನರ್ಸ್ ಉತ್ತರ ಕೊಟ್ಟರು: "ಹೇಳಿದ್ರೆ ನೀವು ಎಲ್ಲರ ಎದುರು ಅದನ್ನೇ ಓದಿಸ್ತೀರಿ. ನನ್ನ ಮಣಿಕಟ್ಟಿಗೂ ನೋವುಂಟು. ಯಾರು ಬೈಗುಳ ತಿನ್ನುದು ಅಂತ ಸುಮ್ಮನಿದ್ದೆ."

ನಾನು ಜಗತ್ತಿಗೆ ಟೋಪಿ ಹಾಕುತ್ತಿದ್ದೇನೆ ಎಂದುಕೊಂಡಿದ್ದ ಆ ದಿನಗಳಲ್ಲೆಲ್ಲ, ಇವರು ನನಗೆ ಹೆದರಿ ತಮ್ಮ ನೋವು ಅಡಗಿಸಿಕೊಂಡು ಕಬ್ಬಿಣ ಎತ್ತುತ್ತಿದ್ದರು. ಆರೋಗ್ಯಕ್ಕೆಂದು ತೆರೆದ ಜಾಗದಲ್ಲಿ ಎಲ್ಲರೂ ಪರಸ್ಪರ ಸುಳ್ಳು ಹೇಳುತ್ತಾ ಬೆವರುತ್ತಿದ್ದೆವು. ನನಗೆ ನಾಚಿಕೆಯಾಯಿತು, ಜೊತೆಗೆ ಹೆದರಿಕೆಯೂ ಆಯಿತು. ಆ ಮೊಣಕಾಲು ನನ್ನ ಕಣ್ಣೆದುರೇ ಕೈಕೊಟ್ಟಿದ್ದರೆ? ಆ ವಾರವೇ ಕೆಂಪು ಅಕ್ಷರಗಳ ಮೇಲೆ ಬಿಳಿ ಪೇಂಟು ಹೊಡೆಸಿದೆ. ಈಗಲೂ ಬಿಸಿಲು ಬಿದ್ದಾಗ 'ನೋವು' ಎನ್ನುವುದು ಮಾತ್ರ ಅಡಿಯಿಂದ ಮಸುಕಾಗಿ ಕಾಣುತ್ತದೆ. ಕೆಲವರು ಬಿಟ್ಟು ಹೋದರು, ಸುಳ್ಳು ಹೇಳುವುದಿಲ್ಲ. ಉಳಿದವರು ಶಟರ್ ಎತ್ತಿದರು. ಮೊದಲು ಬಂದ ಇಬ್ಬರು ಎತ್ತಬೇಕು ಎಂದು ಅವರೇ ನಿಯಮ ಮಾಡಿಕೊಂಡರು. ನಾನು ಕೊನೆಗೂ ಎಣ್ಣೆ ಬಿಟ್ಟೆ.

ಮಳೆ ಕಡಿಮೆಯಾಗಿ ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಒಂದು ಬೆಳಿಗ್ಗೆ ರಿಕ್ಷಾ ಬಂತು. ಅಕ್ಕ ತೆರೆದ ಶಟರ್ ನೋಡಿ ನಿಂತರು.

"ಸೊಂಟ ಸರಿ ಆಯ್ತಾ?"

"ಇಲ್ಲ ಅಕ್ಕ. ಎಲ್ಲರಿಗೂ ಗೊತ್ತಾಯ್ತು. ಈಗ ಅವರೇ ಎತ್ತುದು."

"ಅಯ್ಯೋ ದೇವರೇ, ನಾನು ಬದುಕಿದೆ," ಎಂದು ನಕ್ಕರು. ಬುಟ್ಟಿ ಇಳಿಸಲು ರಿಕ್ಷಾದೊಳಕ್ಕೆ ಬಾಗಿದರು. ನಾನು ಆ ದಿನ ರಸ್ತೆ ಕಾಯಬೇಕಾಗಿರಲಿಲ್ಲ. ಅವರನ್ನೇ ನೋಡುತ್ತಿದ್ದೆ. ಅವರ ಬಲಗೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಮುಂದೆ ಹೋಗಲಿಲ್ಲ. ಎಡಗೈಯೇ ದಾಟಿ ಹೋಗಿ ಬುಟ್ಟಿ ಹಿಡಿಯಿತು. ಕೈಯೊಂದು ಎಲ್ಲಿ ನಿಲ್ಲುತ್ತದೆ ಎಂದು ನೋಡುವುದೇ ನನ್ನ ಕಸುಬು. ಒಬ್ಬ ಮನುಷ್ಯ ಬಾಗಿಲಿನಿಂದ ಕನ್ನಡಿಯವರೆಗೆ ನಡೆದು ಬರುವಷ್ಟರಲ್ಲಿ ಅವನ ಯಾವ ಭುಜ ಬಿಗಿದಿದೆ ಎಂದು ಹೇಳಬಲ್ಲೆ. ಇವರು ಎಷ್ಟೋ ಬೆಳಿಗ್ಗೆ ನನ್ನ ಮೂಗಿನಡಿಯಲ್ಲೇ ಶಟರ್ ಎತ್ತಿದ್ದರು, ಈ ಕೈಯನ್ನು ನಾನು ನೋಡಿರಲಿಲ್ಲ.

"ಆ ಕೈ ಯಾವಾಗಿನಿಂದ ಹಾಗೆ?"

"ಇದಾ? ಹೋದ ವರ್ಷದಿಂದ."

"ಮತ್ತೆ ಶಟರ್?"

"ಎಡದ್ದು ಉಂಟಲ್ಲ."

"ಒಂದು ಮಾತು ಹೇಳಬಾರದಿತ್ತಾ ಅಕ್ಕ?"

"ನಿಮಗೆ ನಿಮ್ಮದೇ ಸಾಕಾಗಿತ್ತು ಮಾರಾಯ್ರೆ." ದೂರಿನ ಧ್ವನಿಯಲ್ಲ. ಇವತ್ತು ಬೂತಾಯಿ ಮೀನು ಚೆನ್ನಾಗಿದೆ ಎನ್ನುವ ಹಾಗೆಯೇ ಹೇಳಿದರು. ಬುಟ್ಟಿ ಕೆಳಗಿಟ್ಟು ಅವರೇ, "ಕೆಲಸಕ್ಕೆ ತೊಂದರೆ ಇಲ್ಲ. ಕೂದಲು ಕಟ್ಲಿಕ್ಕೆ ಮಾತ್ರ ಸೊಸೆಯನ್ನು ಎಬ್ಬಿಸ್ಬೇಕು. ಪಾಪ, ಅವಳಿಗೆ ನಿದ್ದೆ. ಅದೊಂದು ಬೇಸರ," ಎಂದರು.

ಒಳಗೆ ಬನ್ನಿ ಎಂದರೆ ಅವರು ಒಪ್ಪಲಿಲ್ಲ. ಮೀನಿನ ವಾಸನೆಗೆ ನಿಮ್ಮ ಜನ ಓಡಿ ಹೋಗ್ತಾರೆ ಎಂದರು. ಹಾಗಾಗಿ ಆ ಕೈಯ ವ್ಯಾಯಾಮ ಹೊರಗಿನ ಕಂಬದ ಹತ್ತಿರವೇ ಶುರುವಾಯಿತು. ಕಂಬಕ್ಕೆ ಎದುರಾಗಿ ನಿಂತು, ಬಲಗೈಯ ಬೆರಳುಗಳನ್ನು ಇರುವೆಯ ಹಾಗೆ ನಿಧಾನ ಮೇಲೆ ನಡೆಸುವುದು. ನೋವು ಬಂದಲ್ಲಿ ನಿಲ್ಲಿಸುವುದು. "ಇಲ್ಲಿ ನೋವಾಗ್ತದೆ," ಎಂದು ಅವರು ಹೇಳಿದ ಜಾಗಕ್ಕೆ ನಾನು ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತೇನೆ. ಹಳೆಯ ಗೆರೆ ಅಳಿಸುವುದಿಲ್ಲ. ಕೆಲವು ದಿನ ಗೆರೆ ಕೆಳಗೆ ಬರುವುದೂ ಉಂಟು. ಆಗ ಅವರು ಕಂಬಕ್ಕೇ ಬೈಯುತ್ತಾರೆ.

ಮೊನ್ನೆ ಅವರು ಬಂದಾಗ ತುರುಬು ಒಂದು ಬದಿಗೆ ವಾಲಿ, ಅರ್ಧ ಕೂದಲು ಕುತ್ತಿಗೆಯ ಮೇಲೆ ಬಿದ್ದಿತ್ತು. ಇಷ್ಟು ಕೆಟ್ಟದಾಗಿ ಸೊಸೆ ಕಟ್ಟುವವಳಲ್ಲ. ಅವರು ಕಂಬದ ಎದುರು ನಿಂತು ಬೆರಳು ನಡೆಸತೊಡಗಿದರು. ಹಿಂದಿನಿಂದ ಒಬ್ಬೊಬ್ಬರೇ ಸದಸ್ಯರು ಬಂದು ಒಳಗೆ ಹೋದರು. ಯಾರು ಬಂದರು ಎಂದು ನಾನು ತಿರುಗಿ ನೋಡಲಿಲ್ಲ. ಆ ಕೈಯನ್ನೇ ನೋಡುತ್ತಾ ನಿಂತಿದ್ದೆ.