ಮಂಚದಡಿಯ ಮೆಟಲ್

ಕಳೆದ ಭಾನುವಾರ ಬೆಳಿಗ್ಗೆ ನನ್ನ ಟೇಪ್ ರೆಕಾರ್ಡರನ್ನು ಹಳೇ ಸೀರೆಯಲ್ಲಿ ಸುತ್ತಿ ಮಂಚದಡಿಗೆ ತಳ್ಳಿದೆ. ಕ್ಯಾಸೆಟ್‌ಗಳು ಅಕ್ಕಿ ಡಬ್ಬಿಯ ಹಿಂದೆ ಹೋದವು. ಗೋಡೆಯ ಪೋಸ್ಟರುಗಳಲ್ಲಿದ್ದ ಉದ್ದ ಕೂದಲಿನ ಗಿಟಾರ್ ವೀರರು ಹಾಸಿಗೆಯ ಕೆಳಗೆ ಮಕಾಡೆ ಮಲಗಿದರು.

ಪೊಲೀಸ್ ರೈಡ್ ಅಂದುಕೊಂಡಿರಾ? ಅದಕ್ಕಿಂತ ದೊಡ್ಡದು ಸ್ವಾಮಿ. ತಂಗಿ ಗಿರಿಜಾಳನ್ನು ನೋಡಲು ಜಗಳೂರಿನಿಂದ ಗಂಡಿನ ಕಡೆಯವರು ನಮ್ಮ ಹೊನ್ನಾಳಿಗೆ ಬರುವವರಿದ್ದರು.

ನನ್ನ ಹುಚ್ಚು ನಿಮಗೆ ಹೊಸದಲ್ಲ. ಹೆವಿ ಮೆಟಲ್ ಎಂಬ ಇಂಗ್ಲಿಷ್ ಸಂಗೀತ. ಅದರಲ್ಲೂ ಈಚೆಗೆ ‘ಪ್ರೋಗ್ರೆಸಿವ್’ ಎಂದು ಕರೆಸಿಕೊಳ್ಳುವ ಜಾತಿಯದು. ಒಂದೊಂದು ಹಾಡೂ ಕ್ಯಾಸೆಟ್ಟಿನ ಅರ್ಧ ಮಗ್ಗುಲು ನುಂಗುತ್ತದೆ. ಐದೇಟಿನ ಲೆಕ್ಕದಲ್ಲಿ ಹೊರಟ ಡ್ರಮ್ಮು ಹೇಳದೆ ಕೇಳದೆ ಏಳಕ್ಕೆ ಹೊರಳುತ್ತದೆ, ಗಿಟಾರು ಅದರ ಬೆನ್ನು ಬಿಡುವುದಿಲ್ಲ. ಇಂಜಿನಿಯರಿಂಗ್ ಓದುವ ಗೆಳೆಯನೊಬ್ಬ ಹಾಸ್ಟೆಲ್ಲಿನ ಫಾರಿನ್ ಹುಡುಗರಿಂದ ಕಾಪಿ ಮಾಡಿಸಿ ಕಳಿಸುತ್ತಾನೆ. ಇದೇ ಅಂಕಣದಲ್ಲಿ ಎದೆ ತಟ್ಟಿಕೊಂಡು ಬರೆದಿದ್ದೆ, ಜನ ಏನೆಂದಾರೋ ಎಂದು ತನಗಿಷ್ಟವಾದ ಸಂಗೀತವನ್ನು ಬಚ್ಚಿಡುವವನು ಹೇಡಿ ಅಂತ. (ಮೆಚ್ಚಿ ಕಾರ್ಡು ಬರೆದ ನ್ಯಾಮತಿಯ ಓದುಗರೇ, ದಯವಿಟ್ಟು ಮೆಚ್ಚುಗೆ ವಾಪಸ್ ತೆಗೆದುಕೊಳ್ಳಿ.)

ಇಡೀ ತಾಲ್ಲೂಕಿನಲ್ಲಿ ಈ ಹುಚ್ಚಿಗೆ ನನಗಿರುವ ಒಬ್ಬಳೇ ಜೊತೆಗಾತಿ ಗಿರಿಜಾ. ಸಂಜೆ ಸೊಪ್ಪು ಸೋಸುತ್ತಾ ಟೇಪಿನ ಮುಂದೆ ಕೂತು ಬೆರಳಲ್ಲಿ ಲೆಕ್ಕ ಹಿಡಿಯುತ್ತಾಳೆ. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವವಳೂ ಅವಳೇ. ಕೇಳುವುದನ್ನು ಕಲಿಸಿದವನು ನಾನು ಎಂಬ ಜಂಬ ಬೇರೆ ನನಗೆ.

ಅವ್ವ ಕೇಳಿದ್ದು ಒಂದೇ. “ಗೋಡೆ ಮ್ಯಾಲಿನ ಆ ಜಡೆಮುನಿಗಳ್ನ ಇವತ್ತೊಂದಿನ ತೆಗಿಯಪ್ಪ.” ಉಳಿದದ್ದೆಲ್ಲ ನನ್ನ ಸ್ವಂತ ಬುದ್ಧಿ. ಹಿಂದೆ ಬಂದ ಸಂಬಂಧಗಳು ಕೈತಪ್ಪಿದ್ದವು. ಅಪ್ಪ ಇಲ್ಲದ ಮನೆ, ಹಿರಿತನ ನನ್ನ ತಲೆಯ ಮೇಲೆ. ಭಯ ಇರಲ್ವೇನ್ರಿ?

ಹುಡುಗ ಹೈಸ್ಕೂಲ್ ಮೇಷ್ಟ್ರು, ಮೆತ್ತಗಿನ ಮನುಷ್ಯ. ಮಾತೆಲ್ಲ ಅವರ ಸೋದರಮಾವನದೇ. ಚನ್ನಗಿರಿಯಲ್ಲಿ ಅಡಿಕೆ ಮಂಡಿ, ಹೆಗಲ ಮೇಲೆ ಜರಿ ಶಲ್ಯ, ಮೈಕು ಬೇಡದ ಗಂಟಲು. ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಗಿರಿಜಾಳ ಕಡೆ ತಿರುಗಿದರು.

“ಏನವ್ವಾ, ಹಾಡು ಗೀಡು ಇಷ್ಟ ಐತೋ ಇಲ್ಲೋ?”

ಇದಕ್ಕೆ ಹೆಣ್ಣುಮಕ್ಕಳು ಹೇಳಬೇಕಾದ ಉತ್ತರ ಎಲ್ಲರಿಗೂ ಗೊತ್ತು. ವಚನ, ದೇವರನಾಮ, ಹೆಚ್ಚೆಂದರೆ ಭಾವಗೀತೆ. ಗಿರಿಜಾ ತಲೆ ಎತ್ತಿದಳು.

“ಐತ್ರಿ. ಮೆಟಲ್ ಮ್ಯೂಸಿಕ್ ಅಂತ, ಇಂಗ್ಲಿಷಿಂದು. ಅಣ್ಣಾನೂ ನಾನೂ ದಿನಾ ಕೇಳ್ತೀವಿ.”

“ಹೆಂಗಿರ್ತೈತೆ ಅದು?” ಮೇಷ್ಟ್ರು ಮೊದಲ ಬಾರಿಗೆ ಬಾಯಿ ಬಿಟ್ಟರು.

“ಗದ್ದಲ ಭಾಳ ಐತ್ರಿ. ಆದ್ರೆ ಒಳಗೆ ಲೆಕ್ಕ ಪಕ್ಕಾ ಐತೆ. ಬಾಯಾಗೆ ಹೇಳಾಕೆ ಬರಲ್ಲ, ಕೇಳ್ಬೇಕು. ಅಣ್ಣ ಹಾಕ್ತಾನೆ, ನೀವೇ ಕೇಳ್ರಿ.”

ಹೀಗಂದು ನನ್ನ ಕಡೆ ನೋಡಿದಳು. ಮುಖದಲ್ಲಿ ಎಂಥ ಭರವಸೆ! ಅತ್ತ ಸೋದರಮಾವನ ಹುಬ್ಬು ಹಣೆಗೇರಿತ್ತು.

“ಅಯ್ಯೋ, ಹುಡುಗಾಟ ಮಾಡ್ತಾಳ್ರಿ ಯಜಮಾನ್ರೇ,” ಅಂದೆ. “ನಮ್ಮನೇಲಿ ಅಂಥದ್ದೆಲ್ಲ ಎಲ್ಲೈತ್ರಿ? ಟೇಪ್ ರೆಕಾರ್ಡರ್ರೇ ಇಲ್ಲ. ವಚನ ಚೆಂದಾಗಿ ಹಾಡ್ತಾಳೆ. ಒಂದು ಹಾಡವ್ವಾ ಗಿರಿಜಾ.”

ಎಷ್ಟು ಸಲೀಸಾಗಿ ಬಂತು ನೋಡಿ! ಗಿರಿಜಾ ನನ್ನನ್ನೊಮ್ಮೆ ನೋಡಿದಳು. ಆಮೇಲೆ ನೆಲ ನೋಡಿದಳು. ವಚನ ಹಾಡಿದಳು, ನಡುವೆ ಒಂದು ಸಾಲು ತಪ್ಪಿತು. ನಾಚಿಕೆ ಪಾಪ ಹುಡುಗಿಗೆ ಅಂದರು ಅವ್ವ. ನಾಚಿಕೆ ಪಡಬೇಕಾದವನು ತಟ್ಟೆ ಎತ್ತುವ ನೆಪದಲ್ಲಿ ಅಡುಗೆಮನೆ ಸೇರಿದ್ದ.

ಬುಧವಾರ, ಸಂಬಂಧ ತಂದಿದ್ದ ಮಧ್ಯಸ್ಥಗಾರ ಬಂದ. “ಹುಡುಗಿ ಲಕ್ಷಣವಾಗೈತೆ, ಅದ್ರಾಗೆ ಎರಡು ಮಾತಿಲ್ಲ. ಆದ್ರೆ ನೋಡಾಕೆ ಬಂದ ದಿನಾನೇ ಕಣ್ಣಾಗೆ ಕಣ್ಣಿಟ್ಟು ಸುಳ್ಳು ಹೇಳ್ತಾಳಲ್ಲ, ಮುಂದೆ ಹೆಂಗೆ ಅಂತಾರ್ರಿ. ಬ್ಯಾಡಂತೆ.”

ಮೆಟಲ್ ಕೇಳಿದ್ದಕ್ಕೆ ಸಂಬಂಧ ಮುರಿಯಲಿಲ್ಲ. ಮೇಷ್ಟ್ರು ಕೇಳಲೂ ತಯಾರಿದ್ದರು. ನಮ್ಮ ಮನೆಯಲ್ಲಿ ಅವತ್ತು ನಿಜ ಹೇಳಿದವಳು ಅವಳೊಬ್ಬಳೇ, ಸುಳ್ಳಿ ಅನ್ನಿಸಿಕೊಂಡವಳೂ ಅವಳೇ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು, ಎಂದಿನಂತೆ ನನಗೆ ಊಟಕ್ಕೆ ಬಡಿಸಿದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆ ಮಧ್ಯಸ್ಥಗಾರನಿಗಾದರೂ ನಿಜ ಹೇಳಬಹುದಿತ್ತಲ್ಲ? ಚಹಾ ಕೊಟ್ಟು ಕಳಿಸಿದೆ. ಮರುದಿನ ಜಗಳೂರಿಗೇ ಹೋಗಿ ಹೇಳಿಬಿಡೋಣ ಎಂದು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸು ಬಂತು, ಕಂಡಕ್ಟರ್ ಕೂಗಿ ಕೂಗಿ ಗಂಟಲು ಹರಿದುಕೊಂಡ, ನಾನು ಹತ್ತಲಿಲ್ಲ. ಹೇಳಬೇಕಾಗಿದ್ದೇನು ದೊಡ್ಡ ಭಾಷಣವೇ? ‘ಸುಳ್ಳು ಹೇಳಿದವನು ನಾನು ಕಣ್ರೀ.’ ಇಷ್ಟೇ. ಥೂ, ನನ್ನ ಜನ್ಮಕ್ಕಿಷ್ಟು! (ಈ ಪತ್ರಿಕೆ ಜಗಳೂರಿಗೂ ಹೋಗುತ್ತದೆ. ಯಾರಾದರೂ ಅವರಿಗೆ ಇದನ್ನು ತೋರಿಸಿಯಾರು ಎಂದು ಕಾದು ಕೂತಿರುವುದೂ ಹೇಡಿಯ ಉಪಾಯವೇ, ಗೊತ್ತು.)

ನಿನ್ನೆ ಸಂಜೆ ಟೇಪ್ ರೆಕಾರ್ಡರ್ ಹೊರಗೆ ತೆಗೆದೆ. ಅವಳಿಗೆ ಪ್ರಾಣವಾದ ಹಾಡನ್ನೇ ಹಾಕಿದೆ. ಗಿರಿಜಾ ಒಳಗಿನಿಂದ ಬಂದಳು, ಕೂರಲಿಲ್ಲ.

“ತಪ್ಪಾತು ಕಣವ್ವಾ,” ಅಂದೆ.

ಅವಳು ಬಗ್ಗಿ ಹಾಡು ನಿಲ್ಲಿಸಿದಳು. ಸಿಟ್ಟಿನ ಸುಳಿವೂ ಇಲ್ಲದ ದನಿಯಲ್ಲಿ ಕೇಳಿದಳು:

“ಅಣ್ಣಾ, ಮುಂದಿನ ಸಲ ಯಾರಾರ ನೋಡಾಕೆ ಬಂದ್ರೆ ನಂಗೇನು ಇಷ್ಟ ಅಂತ ಹೇಳ್ಲಿ? ಈಗ್ಲೇ ಹೇಳಿಬಿಡು, ಬಾಯಿಪಾಠ ಮಾಡ್ಕೊಂತೀನಿ.”